ದುರಸ್ತಿಯ ಧರ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಕಾಪಾಡಿ ನೋಡು ಎಂದು ಅವರು ಏಕೆ ಹೇಳಲಿಲ್ಲವೋ ತಿಳಿಯದು. ಕಟ್ಟುವ ಕಷ್ಟ ಒಂದೆರಡು ವರ್ಷದ್ದು. ಕಾಪಾಡುವ ಕಷ್ಟ ಆಯುಷ್ಯದುದ್ದಕ್ಕೂ ಇರುವಂಥದು. ಆದರೂ ಗೌರವವೆಲ್ಲ ಕಟ್ಟುವುದಕ್ಕೆ. ಗುದ್ದಲಿಪೂಜೆಗೆ ಮುಹೂರ್ತವಿದೆ, ಬಾಗಿಲು ನಿಲ್ಲಿಸುವುದಕ್ಕೆ ಅರಿಸಿನ ಕುಂಕುಮವಿದೆ, ಗೃಹಪ್ರವೇಶಕ್ಕೆ ಹೋಳಿಗೆಯ ಊಟವಿದೆ. ಸೋರುವ ನಲ್ಲಿಯನ್ನು ಸರಿಪಡಿಸಿದ ದಿನ ಯಾರೂ ಯಾರನ್ನೂ ಊಟಕ್ಕೆ ಕರೆದದ್ದನ್ನು ನಾನು ಕಾಣೆ. ಹೊಸದನ್ನು ಮಾಡುವುದು ದೊಡ್ಡದು, ಇದ್ದುದನ್ನು ಉಳಿಸಿಕೊಳ್ಳುವುದು ಚಿಲ್ಲರೆ ಕೆಲಸ ಎಂಬ ಈ ಎಣಿಕೆ ಸರಿಯೇ? ಗಾರೆ ಕರಣೆಗಳ ವಿಷಯದಲ್ಲಿ ಎದ್ದ ಪ್ರಶ್ನೆಯಾದರೂ ನನಗೆ ಇದು ಧರ್ಮದ ಪ್ರಶ್ನೆಯಾಗಿಯೇ ತೋರುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದೆ. ಇಲಾಖೆ ಸೇರಿಸುವುದಕ್ಕೆ ಎಷ್ಟೋ ಮುಂಚೆಯೇ ಬಿಸಿಲೂ ಬಂಡೆಯೂ ಅವನ್ನು ಸೇರಿಸಿದ್ದುವು. ಈ ಸೀಮೆಯ ಹಳೆಯ ಮನೆಗಳೆಂದರೆ ಕಲ್ಲುಚಪ್ಪಡಿಯವು, ಇಲ್ಲವೆ ಮಣ್ಣಿನ ಮಾಳಿಗೆಯವು. ಮಾಳಿಗೆಗೆ ಮೊದಲು ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣು. ಹೊಲದಲ್ಲಿ ಚೌಳು ಕಾಣಿಸಿಕೊಂಡರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ. ಅಲ್ಲಿ ಬೆಳೆ ಏಳುವುದಿಲ್ಲ. ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಅದರೊಳಗಿನ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗೊಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಕ್ಕೆ ಇಳಿಯದು. ಹೊಲದಲ್ಲಿ ಶಾಪವಾದ ಗುಣವೇ ಮಾಳಿಗೆಯ ಮೇಲೆ ವರವಾಗುತ್ತದೆ. ಅಲ್ಲಿ ಹುಲ್ಲು ಬೆಳೆಯದಿರುವುದೂ ಒಂದು ಲಾಭ. ಈ ಉಪಾಯವನ್ನು ಯಾವ ಎಂಜಿನಿಯರೂ ಕಲಿಸಲಿಲ್ಲ. ಸೋರುವ ಮನೆಯಲ್ಲಿ ಪಾತ್ರೆ ಹಿಡಿದು ರಾತ್ರಿ ಕಳೆದವರು ಕಂಡುಕೊಂಡರು.

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮುಂಗಾರಿಗೆ ಮುಂಚೆ, ಮುದುಕರೊಬ್ಬರು ಮಾಳಿಗೆಯ ಮೇಲೆ ಕುಳಿತು ಹಳೆಯ ಮಣ್ಣನ್ನು ಕೆರೆದು ಕೆಳಕ್ಕೆ ತಳ್ಳುತ್ತಿದ್ದುದನ್ನು ಕಂಡೆ. ಹೊಸ ಚೌಳು ಅಂಗಳದಲ್ಲಿ ರಾಶಿಯಾಗಿತ್ತು. ಹಾಕುವುದನ್ನು ಬಿಟ್ಟು ತೆಗೆಯುತ್ತಿದ್ದೀರಲ್ಲ ಎಂದು ಕೇಳಿದೆ. "ಮೊದ್ಲು ಹಳೇದು ಕೆರೀಬೇಕು ಮೇಷ್ಟ್ರೇ. ವರ್ಸ ವರ್ಸ ಮೇಲ್ಮೇಲೆ ಹಾಕ್ತಾ ಹೋದ್ರೆ ಮನೆ ಸೋರಾಕಿಲ್ಲ, ಕುಸೀತದೆ" ಎಂದರು. ಲೆಕ್ಕ ಹಾಕಿ ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಹತ್ತಡಿ ಉದ್ದ ಹತ್ತಡಿ ಅಗಲದ ಮಾಳಿಗೆಗೆ ಒಂದು ಅಂಗುಲ ಮಣ್ಣು ಹರಡಿದರೆ ಸುಮಾರು 350 ಕಿಲೋ ಭಾರ ತೊಲೆಗಳ ಮೇಲೆ ಕೂರುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಹತ್ತು ವರ್ಷ ಹೀಗೆಯೇ ಹೇರಿದರೆ ಮನೆಯನ್ನು ಕಾಯಬೇಕೆಂದು ಹಾಕಿದ ಮಣ್ಣೇ ಮನೆಯನ್ನು ನುಂಗುತ್ತದೆ.

ದುರಸ್ತಿಯೆಂದರೇನು ಎಂಬುದರ ಮೊದಲ ಪಾಠ ನನಗೆ ಇಲ್ಲಿ ಸಿಕ್ಕಿತೆಂದು ಹೇಳಬೇಕು. ದೋಷದ ಮೇಲೆ ಏನನ್ನಾದರೂ ಹೊದಿಸುವುದು ಒಂದು, ದೋಷವನ್ನು ಕೆರೆದು ತೆಗೆಯುವುದು ಇನ್ನೊಂದು. ನಮ್ಮ ಇಂದಿನ ತಾರಸಿ ಮನೆಗಳಲ್ಲಿಯೂ ಈ ಭೇದ ದಿನವೂ ಎದುರಾಗುತ್ತದೆ. ಗೋಡೆಯಲ್ಲಿ ತೇವದ ಕಲೆ ಎದ್ದಿತೆನ್ನಿ. ಹಬ್ಬ ಹತ್ತಿರ ಬಂದಿದೆ, ನೆಂಟರು ಬರುತ್ತಾರೆ; ಒಂದು ಕೈ ಬಣ್ಣ ಬಳಿಸಿಬಿಡುತ್ತೇವೆ. ಕಲೆ ಹೋಯಿತು, ತೇವ ಹೋಗಲಿಲ್ಲ. ತಾರಸಿಯ ಮೇಲೆ ಹತ್ತಿ ನೋಡಿದ್ದರೆ ನೀರು ಹೊರಬೀಳುವ ಕೊಳವೆಯ ಬಾಯಿಗೆ ಒಣಗಿದ ಎಲೆ ಸಿಕ್ಕಿಕೊಂಡು ನೀರು ನಿಂತಿರುವುದು ಕಾಣುತ್ತಿತ್ತು. ಅದನ್ನು ತೆಗೆಯಲು ಎರಡು ಬೆರಳು ಸಾಕು.

ಇನ್ನೂ ಕೆಟ್ಟ ಉದಾಹರಣೆ ಫ್ಯೂಸಿನದು. ಹಳೆಯ ಮನೆಗಳಲ್ಲಿ ಇಂದಿಗೂ ತಂತಿಯ ಫ್ಯೂಸುಗಳಿವೆ. ತಂತಿಗೆ ತಾಳಲಾರದಷ್ಟು ವಿದ್ಯುತ್ತು ಹರಿದಾಗ ಅದು ಕರಗಿ, ತಾನು ಸತ್ತು ಮನೆಯನ್ನು ಉಳಿಸುತ್ತದೆ. ಪದೇಪದೇ ಹೋಗುತ್ತದೆ, ಬೇಸರವಾಯಿತು ಎಂದು ನಾವು ದಪ್ಪ ತಾಮ್ರದ ತಂತಿಯನ್ನು ಸುತ್ತಿಬಿಡುತ್ತೇವೆ. ಇನ್ನು ಅದು ಹೋಗುವುದಿಲ್ಲ. ಹೋಗುವುದಾದರೆ ಗೋಡೆಯೊಳಗಿನ ವೈರು ಹೊತ್ತಿಕೊಂಡು ಹೋಗಬೇಕು. ಎಚ್ಚರಿಸುವವನ ಬಾಯಿ ಕಟ್ಟಿ ನೆಮ್ಮದಿಯೆನ್ನುವುದು ರಾಜ್ಯಗಳಲ್ಲಿಯೂ ನಡೆಯುತ್ತದೆ, ಸಂಸಾರಗಳಲ್ಲಿಯೂ ನಡೆಯುತ್ತದೆ. ಸುಳ್ಳು ಹೇಳುವುದಕ್ಕೆ ನಾಲಗೆಯೇ ಬೇಕೆಂದಿಲ್ಲ. ತಪ್ಪು ತಂತಿಯಿಂದಲೂ ಹೇಳಬಹುದು. ಇದೇ ವಿದ್ಯುತ್ತಿನ ವಿಷಯದಲ್ಲಿ ಯಾರಾದರೂ ಮಾಡಬಹುದಾದ ಒಳ್ಳೆಯ ಕೆಲಸವೂ ಒಂದಿದೆ. ಈ ಒಣ ನೆಲದಲ್ಲಿ ಬೇಸಗೆ ಬಂದರೆ ಅರ್ಥಿಂಗ್ ಗುಂಡಿ ಒಣಗಿ, ಸೋರಿದ ವಿದ್ಯುತ್ತು ಭೂಮಿಗೆ ಇಳಿಯುವುದು ಕಷ್ಟವಾಗುತ್ತದೆ. ಆಗಾಗ ಆ ಗುಂಡಿಗೆ ಒಂದು ಕೊಡ ನೀರು ಹುಯ್ಯುವುದು ತುಳಸಿಕಟ್ಟೆಗೆ ನೀರೆರೆಯುವಷ್ಟೇ ಪುಣ್ಯದ ಕೆಲಸ.

ಇನ್ನು, ಈ ಕೆಲಸವನ್ನು ಯಾರ ಕೈ ಮಾಡಬೇಕು? ನಮ್ಮಲ್ಲಿ ಕೈಕೆಲಸಕ್ಕೂ ಜಾತಿಗೂ ಹಳೆಯ ಗಂಟು. ಓದು ಬರಹ ಬಲ್ಲವನು ಸ್ಪ್ಯಾನರು ಹಿಡಿದರೆ ನೆರೆಯವರು ನಗುತ್ತಾರೆ. ಹಿಡಿಯಲು ಬಾರದಿದ್ದರೆ ಅದನ್ನೇ ಒಂದು ಹಿರಿಮೆಯೆಂಬಂತೆ ಆತ ಹೇಳಿಕೊಳ್ಳುತ್ತಾನೆ. ನಲ್ಲಿ ತೊಟ್ಟಿಕ್ಕುತ್ತಿದೆ, ರಿಪೇರಿಯವನು ಬರಲಿಲ್ಲ ಎಂದು ತಿಂಗಳುಗಟ್ಟಲೆ ಗೊಣಗುವ ವಿದ್ಯಾವಂತರನ್ನು ನಾನು ಬಲ್ಲೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂದರೂ ದಿನಕ್ಕೆ ನಾಲ್ಕು ಲೀಟರು ಮೀರುತ್ತದೆ. ವರ್ಷಕ್ಕೆ ಒಂದೂವರೆ ಸಾವಿರ ಲೀಟರು, ಅಂದರೆ ನೂರು ಕೊಡ. ಟ್ಯಾಂಕರಿನ ದಾರಿ ಕಾಯುವ ಪಾವಗಡದ ಕೇರಿಯಲ್ಲಿ ನೂರು ಕೊಡ ನೀರೆಂದರೆ ಏನೆಂದು ಹೇಳಬೇಕಾಗಿಲ್ಲ. ಗೇಟ್ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರನ್ನು ತೆಗೆದು ಹೊಸದನ್ನು ಕೂರಿಸಲು ಕಾಲು ಗಂಟೆ ಹಿಡಿಯುತ್ತದೆ. ಕೊಳವೆಬಾವಿಯ ಗಡಸುನೀರಿನಿಂದ ನಲ್ಲಿಯ ಬಾಯಲ್ಲಿ ಸುಣ್ಣ ಕಟ್ಟಿದ್ದರೆ ಹುಣಿಸೆಹುಳಿಯಲ್ಲಿ ನೆನೆಹಾಕಿದರೆ ಹುಳಿಗೆ ಸುಣ್ಣ ಕರಗುತ್ತದೆ. ಈ ಸೀಮೆಯಲ್ಲಿ ಹುಣಿಸೆಗಂತೂ ಬರವಿಲ್ಲ.

ನೀವೆಲ್ಲ ಹೀಗೆ ಹೊರಟರೆ ರಿಪೇರಿ ಮಾಡಿ ಬದುಕುವವರ ಅನ್ನದ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಿಂದೆ ಆಯದ ಪದ್ಧತಿಯಿತ್ತು. ಬಡಗಿ, ಕಮ್ಮಾರ ಮುಂತಾದವರು ವರ್ಷವೆಲ್ಲ ಊರಿನ ನೇಗಿಲು ಕುಡುಗೋಲುಗಳನ್ನು ಸರಿಮಾಡಿಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ಕಾಳು ಪಡೆಯುತ್ತಿದ್ದರು. ಆ ಏರ್ಪಾಡಿನಲ್ಲಿ ಒಂದು ಸ್ವಾರಸ್ಯವುಂಟು: ಮುರಿದಷ್ಟು ಸಲ ಹಣವೆಂಬುದಿಲ್ಲವಾದ್ದರಿಂದ, ಮುರಿಯದಂತೆ ಮಾಡಿಕೊಡುವುದೇ ಕುಶಲಿಗೂ ಲಾಭ. ಆದರೆ ಅದೇ ಏರ್ಪಾಡು ಮನುಷ್ಯನನ್ನು ಹುಟ್ಟಿನ ಕಸುಬಿಗೆ ಕಟ್ಟಿಹಾಕಿ, ಕಣದ ಅಂಚಿನಲ್ಲಿ ಕೈಚಾಚಿ ನಿಲ್ಲಿಸಿತ್ತು. ಅದು ಮರಳಿ ಬರಲೆಂದು ನಾನು ಹಂಬಲಿಸಲಾರೆ. ಸ್ವಂತ ಕೈಯಿಂದ ದುರಸ್ತಿ ಮಾಡುವುದರ ಫಲ ಉಳಿತಾಯದಲ್ಲಿ ಇಲ್ಲವೆಂದೇ ನನ್ನ ಭಾವನೆ. ವಾಷರು ಹಾಕಲು ಒದ್ದಾಡಿದವನಿಗೆ, ಗೋಡೆಯೊಳಗಿನ ಕೊಳವೆಯ ಸೋರಿಕೆಯನ್ನು ಸದ್ದಿನಿಂದಲೇ ಪತ್ತೆಹಚ್ಚುವ ಕೆಲಸಗಾರನ ಬೆಲೆ ಗೊತ್ತಾಗುತ್ತದೆ. ಕೂಲಿಯ ವಿಷಯದಲ್ಲಿ ಆತನೊಡನೆ ಚೌಕಾಶಿಗಿಳಿಯಲು ನಾಲಗೆ ಹಿಂಜರಿಯುತ್ತದೆ. ಕೆಲಸ ತಿಳಿದವನಷ್ಟೇ ಕೆಲಸಗಾರನನ್ನು ಗೌರವಿಸಬಲ್ಲ.

ಆದರೆ ನಾನೂ ಮಾಡಬಾರದ, ಇನ್ನೊಬ್ಬರಿಂದಲೂ ಮಾಡಿಸಬಾರದ ಕೆಲಸ ಒಂದಿದೆ. ಕಕ್ಕಸು ಗುಂಡಿ ತುಂಬಿತೆಂದರೆ ಇಂದಿಗೂ ಕೆಲವರು ಯಾರನ್ನೋ ಕರೆದು, ನಾಲ್ಕು ಕಾಸು ಹೆಚ್ಚು ಕೊಟ್ಟು, ಒಳಗೆ ಇಳಿಸುತ್ತಾರೆ. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡು, ಮೀಥೇನು ಮುಂತಾದ ಅನಿಲಗಳು ತುಂಬಿರುತ್ತವೆ. ಇಳಿದವನು ಕೂಗಿ ಕರೆಯುವಷ್ಟು ಹೊತ್ತೂ ಉಳಿಯದಿರಬಹುದು. ಹಾಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸಕ್ಕಿಂಗ್ ಯಂತ್ರದ ಗಾಡಿಗಳಿವೆ. ಒಂದು ವಾರ ಕಾದರೂ ಅದನ್ನೇ ತರಿಸಬೇಕು. ಕಾನೂನಿಲ್ಲದಿದ್ದರೂ ಧರ್ಮ ಸ್ಪಷ್ಟವಾಗಿಯೇ ಇದೆ. ನನ್ನ ಮಗನನ್ನು ಇಳಿಸಲಾರದ ಗುಂಡಿಗೆ ಇನ್ನೊಬ್ಬ ತಾಯಿಯ ಮಗನನ್ನು ಇಳಿಸುವ ಹಕ್ಕು ನನಗೆ ಎಲ್ಲಿಂದ ಬಂತು? ಮನೆಯ ದುರಸ್ತಿ ಮನುಷ್ಯನ ಪ್ರಾಣಕ್ಕಿಂತ ದೊಡ್ಡದಲ್ಲ.

ಕೊನೆಯದಾಗಿ ಇನ್ನೊಂದು ತೊಡಕು. ಸ್ವಂತ ಮನೆಯನ್ನು ಸ್ವಂತ ಕೈಯಿಂದ ಕಾಪಾಡಿಕೊಳ್ಳುವ ಗುಣ ಮಿತಿಮೀರಿದರೆ ಅದೂ ದೋಷವಾಗುತ್ತದೆ. ಊರಿನ ಕೆರೆ ಹೂಳು ತುಂಬಿತು. ನಾನು ಕೊಳವೆಬಾವಿ ತೆಗೆಸಿಕೊಂಡೆ. ನೀರು ಇಳಿಯಿತು; ಇನ್ನೂ ಆಳಕ್ಕೆ ಕೊರೆಸಿದೆ. ನೀರು ಕೆಟ್ಟಿತು, ಶುದ್ಧೀಕರಣದ ಯಂತ್ರ ತಂದೆ. ಪ್ರತಿ ಹೆಜ್ಜೆಯೂ ಜಾಣತನದ್ದೇ, ಒಟ್ಟಿನಲ್ಲಿ ನೋಡಿದರೆ ಊರಿಗೆ ಊರೇ ದಡ್ಡತನದಲ್ಲಿ ಬಿದ್ದಿರುತ್ತದೆ. ಪಾವಗಡದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮನ್ನು ಅದು ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮೂಳೆ ಕೀಲು ಬಿಗಿಯುತ್ತವೆ. ಕಾಯಿಸಿದರೂ ಅದು ಹೋಗದು, ಬಟ್ಟೆಯಲ್ಲಿ ಸೋಸಿದರೂ ಹೋಗದು. ಯಂತ್ರ ಕೊಳ್ಳಲು ಹಣವಿಲ್ಲದವನು ಮನೆಯಲ್ಲಿ ಯಾವ ರಿಪೇರಿ ಮಾಡಿಕೊಂಡಾನು? ಇದು ಊರೆಲ್ಲ ಸೇರಿ, ಸರ್ಕಾರವೂ ಸೇರಿ ಮಾಡಬೇಕಾದ ದುರಸ್ತಿ.

ಹಿಂದಿನವರಿಗೆ ಈ ಅರಿವು ಇತ್ತು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ತರಗತಿಯಲ್ಲಿ ಶಾಸನಗಳನ್ನು ಪಾಠ ಮಾಡುವಾಗ ನಾನು ಎರಡು ಸಂಗತಿಗಳ ಹತ್ತಿರ ತಪ್ಪದೆ ನಿಲ್ಲುತ್ತೇನೆ. ಕನ್ನಡ ನಾಡಿನಲ್ಲಿ ದೇವಾಲಯಕ್ಕೆ ದತ್ತಿ ಬಿಡುವಾಗ ನೈವೇದ್ಯ ದೀಪಗಳ ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಎಂದು ಬರೆಸುವುದು ರೂಢಿಯಾಗಿತ್ತು. ಒಡೆದುದು, ಬಿರಿದುದು, ಹಳತಾದುದು ಇವುಗಳ ದುರಸ್ತಿಗೆಂದು ಮೊದಲೇ ಭೂಮಿ ಬಿಡುತ್ತಿದ್ದರು. ಕಟ್ಟಿದ್ದು ಒಡೆಯುತ್ತದೆ ಎಂಬ ವಿನಯ ಆ ಅರಸರಿಗೂ ಇತ್ತು. ಕೆರೆಗಳಿಗೂ ಹಾಗೆಯೇ ಬಿತ್ತುವಟ್ಟ, ಕಟ್ಟುಗೊಡಗೆಗಳೆಂಬ ದತ್ತಿಗಳಿದ್ದುವು. ಎರಡನೆಯದು, ಶಾಸನದ ಕೊನೆಯಲ್ಲಿ ಬರುವ ಒಂದು ಸಂಸ್ಕೃತ ಶ್ಲೋಕ. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಮೇಲು ಎಂಬುದು ಅದರ ಭಾವ. ಹೊಸದು ದೊಡ್ಡದೇ, ಉಳಿಸುವುದು ಚಿಲ್ಲರೆಯೇ ಎಂಬ ನಮ್ಮ ಪ್ರಶ್ನೆಗೆ ಉತ್ತರ ಕಲ್ಲಿನ ಮೇಲೆಯೇ ಇದೆ.

ಮುಂದೆ ಕೆರೆಯ ತೂಬನ್ನು ನೋಡಿಕೊಳ್ಳುವವನು ನೀರುಗಂಟಿ ಎನಿಸಿಕೊಂಡ. 1961ರ ಕಾನೂನು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು. ಹುಟ್ಟಿನಿಂದ ಒಬ್ಬನ ತಲೆಗೆ ಕೆಲಸ ಕಟ್ಟುವ ಕ್ರಮ ಹೋದದ್ದು ನ್ಯಾಯವೇ. ಆದರೆ ಎಷ್ಟೋ ಊರುಗಳಲ್ಲಿ ಹುದ್ದೆಯೊಡನೆ ಕೆಲಸವೂ ಹೋಯಿತು. ಒಬ್ಬನದಾಗಿದ್ದ ಭಾರ ಎಲ್ಲರದೂ ಆಗಬೇಕಿತ್ತು, ಯಾರದೂ ಅಲ್ಲದ್ದಾಯಿತು. ಅದೇ ಪಾವಗಡದಲ್ಲಿ ಈಗ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರ ಹರಡಿದೆ. ಅಂಥ ಹೊಸ ವೈಭವದ ಫಲಕಗಳ ಮೇಲೂ ದೂಳು ಕೂರುತ್ತದೆ. ಒರೆಸುವ ಕೈ ಇಲ್ಲದಿದ್ದರೆ ಸೂರ್ಯನಿದ್ದೂ ಬೆಳಕಿಲ್ಲ.

ಶಿರಾದ ಜುಮ್ಮಾ ಮಸೀದಿ 1696ರದು. ಮಧುಗಿರಿಯ ಕೋಟೆಯೂ ಹಳೆಯದು. ಇಂಥ ಗೋಡೆಗಳ ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಏಳುವುದುಂಟು. ಎರಡೆಲೆಯಿದ್ದಾಗ ಉಗುರಿನಿಂದ ಕೀಳಬಹುದು. ಬಿಟ್ಟರೆ ಕೊಡಲಿ ಬೇಕು. ಇನ್ನೂ ಬಿಟ್ಟರೆ ಗೋಡೆಯೇ ಉಳಿಯದು. ಮುಂಗಾರು ಬರುವುದಕ್ಕೆ ಮುಂಚೆ ಒಂದು ಭಾನುವಾರ ನಮ್ಮ ತಾರಸಿಯನ್ನು ಹತ್ತಿ ಕೊಳವೆಯ ಬಾಯಲ್ಲಿನ ಎಲೆ ತೆಗೆದು, ಬಿರುಕಿನಲ್ಲಿನ ಸಸಿ ಕಿತ್ತು, ಸಂಜೆ ಊರಿನ ಕೆರೆಯ ತೂಬಿನವರೆಗೆ ನಾಲ್ಕು ಜನರೊಡನೆ ನಡೆದುಹೋಗಿ ನೋಡಿಬಂದರೆ, ಆ ದಿನದ ಪೂಜೆ ಬೇರೆ ಆಗಬೇಕೆಂದು ನನಗೆ ತೋರುವುದಿಲ್ಲ.