ನೋಡೋಕೆ ಚೆನ್ನಾಗಿದೆ

ವೆನಿಸ್ಸಿನಲ್ಲಿ ಒಂದು ಪುಟ್ಟ ಸೇತುವೆ ಇದೆ. ಹೆಸರು ‘ನಿಟ್ಟುಸಿರಿನ ಸೇತುವೆ’. ಅರಮನೆಯಲ್ಲಿ ವಿಚಾರಣೆ ಮುಗಿದ ಕೈದಿಗಳನ್ನು ಎದುರಿನ ಜೈಲಿಗೆ ಸಾಗಿಸಲು ಸುಮಾರು 400 ವರ್ಷದ ಹಿಂದೆ ಕಟ್ಟಿದ್ದು. ಸೇತುವೆಗೆ ಗೋಡೆಯಿದೆ, ಮೇಲೆ ಮುಚ್ಚಿಗೆಯಿದೆ, ಕಲ್ಲಿನ ಜಾಲಂಧ್ರದ ಸಣ್ಣ ಕಿಂಡಿಗಳಿವೆ. ಆ ಕಿಂಡಿಯಲ್ಲಿ ಹೊರಗಿನ ನೀರನ್ನು ಕೊನೇ ಸಲ ನೋಡಿ ಕೈದಿಗಳು ಉಸಿರು ಬಿಡ್ತಿದ್ರು, ಅದಕ್ಕೇ ಆ ಹೆಸರು ಅಂತಾರೆ. ಈಗ ಅದರ ಕೆಳಗೆ ದೋಣಿಯಲ್ಲಿ ಹೋಗುತ್ತಾ ಸಂಜೆ ಹೊತ್ತು ಜೋಡಿಗಳು ಮುತ್ತು ಕೊಟ್ಟುಕೊಂಡರೆ ಪ್ರೀತಿ ಶಾಶ್ವತ ಅಂತ ಒಂದು ನಂಬಿಕೆ. ದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ನಾವೂ ಎದುರಿನ ಸೇತುವೆ ಮೇಲೆ ನೂಕುನುಗ್ಗಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ಮೊಮ್ಮಗ ಕೈಯಲ್ಲಿ ಐಸ್‌ಕ್ರೀಮ್ ಹಿಡಿದಿದ್ದ.

ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ ಅಂತಲೇ ನನಗೂ ಅನ್ನಿಸುತ್ತದೆ. 400 ವರ್ಷದ ಹಿಂದಿನ ಕೈದಿಯ ಸಂಕಟಕ್ಕೆ ತುಮಕೂರಿನಿಂದ ಹೋದ ನಾನು ಅಳಬೇಕೇ? ಅತ್ತರೆ ಅದೇ ನಾಟಕ. ರೋಮಿನ ಕೊಲೊಸಿಯಮ್ಮಿನಲ್ಲೂ ಅಷ್ಟೇ. ಮನುಷ್ಯರನ್ನು ಕಾದಾಡಿಸಿ ಕೊಲ್ಲಿಸಿದ ಅಖಾಡ ಅಂತ ಗೊತ್ತಿದ್ದೂ ‘ಅಬ್ಬಾ ಎಷ್ಟು ಚೆನ್ನಾಗಿ ಕಟ್ಟಿದಾರಲ್ಲಾ’ ಅಂತ ಬಾಯಿಬಿಟ್ಟು ನೋಡಿದೆವು. ಅಷ್ಟು ದೂರ ಯಾಕೆ, ಹಂಪಿಗೆ ಹೋದಾಗ ನಮ್ಮಲ್ಲಿ ಎಷ್ಟು ಜನ 1565ನ್ನು ನೆನೆದು ಊಟ ಬಿಡುತ್ತೇವೆ? ಪೂಜೆ ನಡೆಯುವ ವಿರೂಪಾಕ್ಷನ ಮುಂದೆ ಚಪ್ಪಲಿ ಬಿಡುತ್ತೇವೆ, ಪೂಜೆ ನಿಂತ ಗುಡಿಗಳಲ್ಲಿ ಚಪ್ಪಲಿ ಹಾಕಿಕೊಂಡೇ ಓಡಾಡುತ್ತೇವೆ. ಕಾಲ ಕಳೆದರೆ ಎಲ್ಲ ಸಂಕಟವೂ ಕಲ್ಲಾಗುತ್ತದೆ, ಕಲ್ಲಿಗೆ ಟಿಕೆಟ್ ಇಡುತ್ತಾರೆ.

ಎರಡು ಸಾವಿರ ವರ್ಷದ ಹಿಂದೆ ಲುಕ್ರೇಶಿಯಸ್ ಅನ್ನೋ ರೋಮನ್ ಕವಿ ಇದನ್ನೇ ಯೋಚಿಸಿದ್ದ. ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕವರನ್ನು ದಡದಲ್ಲಿ ನಿಂತು ನೋಡುವುದರಲ್ಲಿ ಒಂದು ಹಿತ ಇದೆ, ಅದು ಇನ್ನೊಬ್ಬರ ನೋವನ್ನು ಕಂಡು ಬರುವ ಖುಷಿಯಲ್ಲ, ಆ ಕಷ್ಟದಲ್ಲಿ ನಾನಿಲ್ಲವಲ್ಲ ಅನ್ನುವ ನಿರಾಳ ಅಂತ ಅವನ ವಾದ. ಪ್ರವಾಸಿಗನ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಓದಿಲ್ಲ. ಆದರೆ ಅವನ ಮಾತು ನಿಲ್ಲಬೇಕಾದರೆ ಒಂದು ಷರತ್ತಿದೆ. ದಡದಲ್ಲಿ ನಿಂತವನಿಗೂ ಆ ಬಿರುಗಾಳಿಗೂ ಸಂಬಂಧ ಇರಬಾರದು.

ಈ ಷರತ್ತು ನನಗೆ ಹೊಳೆದದ್ದು ಶೆಟ್ಟಿಹಳ್ಳಿಯಲ್ಲಿ. ಯೂರೋಪಿನಿಂದ ಬಂದ ಮೇಲೆ.

ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು ಇರುವ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರವನ್ನು ನೀವು ಫೋನಿನಲ್ಲಿ ನೋಡಿಯೇ ಇರುತ್ತೀರಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಚರ್ಚು. ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರು ಅಂತ ಊರವರು ಹೇಳುತ್ತಾರೆ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದ ಮೇಲೆ ಊರು ಹಿನ್ನೀರಿನ ಪಾಲಾಯಿತು, ಜನ ಎದ್ದುಹೋದರು, ಚರ್ಚು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮುಳುಗಿರುತ್ತದೆ, ಬೇಸಿಗೆಗೆ ಬುಡದವರೆಗೂ ನಡೆದುಹೋಗಬಹುದು. ಚಾವಣಿ ಇಲ್ಲ. ಕಮಾನುಗಳ ನಡುವೆ ಆಕಾಶ. ಇಂಟರ್‌ನೆಟ್ಟಿನಲ್ಲಿ ಅದಕ್ಕೆ ‘ತೇಲುವ ಚರ್ಚು’ ಅಂತ ಹೆಸರು. ಎಂಥಾ ಹೆಸರು ನೋಡಿ! ಮುಳುಗಿದ್ದನ್ನು ತೇಲುತ್ತಿದೆ ಅನ್ನೋದು.

ಏಪ್ರಿಲ್‌ನಲ್ಲಿ ನಮ್ಮ ಯಜಮಾನರ ಅಕ್ಕನ ಮನೆಗೆ ಹಾಸನಕ್ಕೆ ಹೋಗಿದ್ದೆವು. ಮಗಳು, ಅಳಿಯ, ಮೊಮ್ಮಗ ರಜೆಗೆ ಮ್ಯೂನಿಕ್‌ನಿಂದ ಬಂದಿದ್ದರು. ಎಲ್ಲರೂ ಒಂದೇ ಕಾರಿನಲ್ಲಿ ಹೊರಟೆವು. ಚರ್ಚು ಕಣ್ಣಿಗೆ ಬಿದ್ದ ಕೂಡಲೇ ನಮ್ಮ ಅತ್ತಿಗೆ, ‘ನೋಡೇ, ಐದು ಜನಕ್ಕೆ ಅಷ್ಟು ಲಕ್ಷ ಸುರಿದು ಅಲ್ಲಿಗ್ಯಾಕೆ ಹೋಗ್ಬೇಕಿತ್ತು, ಯೂರೋಪ್ ಇಲ್ಲೇ ಇದೆ’ ಅಂದರು. ಎಲ್ಲರೂ ನಕ್ಕೆವು. ನಿಜಕ್ಕೂ ಚೆನ್ನಾಗಿದೆ. ಅದನ್ನು ಮುಚ್ಚಿಟ್ಟು ಬರೆಯುವುದು ಅಪ್ರಾಮಾಣಿಕತೆ.

ಅಲ್ಲಿ ಒಂದು ಪ್ರೀ-ವೆಡ್ಡಿಂಗ್ ಶೂಟ್ ನಡೀತಿತ್ತು. ಹುಡುಗಿ ಕೆಂಪು ಗೌನು, ಮಾರುದ್ದದ ಸೆರಗು ಗಾಳಿಗೆ ಹಾರಿಸೋಕೆ ಇಬ್ಬರು. ಇನ್ನೊಂದು ಕಡೆ ಹುಡುಗರು ಗೋಡೆ ಹತ್ತಿ ಕೂತಿದ್ದರು. ಕೆರೆಯಂಗಳದ ಹಾಗೆ ಒಣಗಿದ ನೆಲದಲ್ಲಿ ಹುಲ್ಲು ಚಿಗುರಿತ್ತು, ವಯಸ್ಸಾದವರೊಬ್ಬರು ಎರಡು ಹಸು ಮೇಯಿಸುತ್ತಾ ನಿಂತಿದ್ದರು. ನಮ್ಮ ಯಜಮಾನರಿಗೆ ಎಲ್ಲಿ ಹೋದರೂ ಮಾತಾಡಿಸುವ ಚಟ. ‘ಯಾವೂರು ಯಜಮಾನ್ರೇ?’ ಅಂದರು.

‘ಇದೇ’ ಅಂದರು ಅವರು.

ಅವರ ಮನೆ ಎಲ್ಲಿತ್ತು ಅಂತ ಕೈ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ, ಬಿರುಕು ಬಿಟ್ಟ ಕೆಸರು. ಅವರ ಅಪ್ಪ ಅವ್ವನ ಮದುವೆ ಆಗಿದ್ದು ಈ ಚರ್ಚಿನಲ್ಲೇ ಅಂತೆ. ‘ಇಷ್ಟು ಜನ ಬಂದು ಹಿಂಗೆಲ್ಲ ಮಾಡ್ತಾರಲ್ಲ, ಬೇಜಾರಾಗಲ್ವಾ?’ ಅಂತ ನಾನೇ ಕೇಳಿದೆ. ಅವರು ಹೇಳಿದ್ದು ನಾನು ಅಂದುಕೊಂಡಿದ್ದಲ್ಲ. ‘ಬರ್ಲಿ ಬಿಡಮ್ಮ. ಮದ್ವೆ ಆಗೋ ಮಕ್ಳು, ಫೋಟ ಹೊಡ್ಕಳ್ಳಿ. ಒಳಗೆ ಕುಡ್ದು ಬಾಟ್ಲಿ ಒಡೀತಾರಲ್ಲ, ಅದೊಂದ್ ಬ್ಯಾಡ ಅಂತೀನಿ. ದನಿನ ಕಾಲಿಗೆ ಚುಚ್ಚತ್ತೆ.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ದು ಯಾವೂರಮ್ಮ?’ ಅಂದರು.

ತುಮಕೂರು ಅಂದೆ.

‘ಓ, ನಮ್ ನೀರು ಅಲ್ಲಿಗೇ ಬರೋದು’ ಅಂದರು. ಅದರಲ್ಲಿ ಕೊಂಕೇನೂ ಇರಲಿಲ್ಲ. ಮಗಳನ್ನು ಕೊಟ್ಟ ಊರಿನ ಬಗ್ಗೆ ಮಾತಾಡೋ ಹಾಗೆ ಹೇಳಿದರು.

ಹೌದು, ಅಲ್ಲಿಗೇ ಬರುವುದು. ಗೊರೂರಿನಿಂದ ನಾಲೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆಗೆ ಬಂದು, ಶುದ್ಧೀಕರಣ ಆಗಿ, ನಮ್ಮ ಸಂಪಿಗೆ ಬೀಳುವ ನೀರು ಅದೇ. ನಾನು ಮದುವೆಯಾಗಿ ತುಮಕೂರಿಗೆ ಬಂದಾಗ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹೇಮಾವತಿ ಬಂದ ದಿನ ನಮ್ಮ ಬೀದಿಯ ಹೆಂಗಸರು ನಲ್ಲಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಹಾಸನ, ಮಂಡ್ಯ, ತುಮಕೂರು ಮೂರು ಜಿಲ್ಲೆಯ ಲಕ್ಷಾಂತರ ಎಕರೆಗೆ ಈ ನೀರು ಹೋಗುತ್ತದೆ. ಅಣೆಕಟ್ಟು ಬೇಡವಾಗಿತ್ತು ಅಂತ ನನ್ನ ಬಾಯಲ್ಲಿ ಬರುವುದಿಲ್ಲ, ಬಂದರೆ ಅದು ನೀರು ಕುಡಿದು ಆಡುವ ಸುಳ್ಳು. ಹಾಗಾಗಿ ವೆನಿಸ್ಸಿನ ಸೇತುವೆಯ ಮುಂದೆ ನಾನು ಬರೀ ಪ್ರವಾಸಿ. ಶೆಟ್ಟಿಹಳ್ಳಿಯಲ್ಲಿ ಹಾಗಲ್ಲ. ಲುಕ್ರೇಶಿಯಸ್‌ನ ದಡ ನನಗೆ ಅಲ್ಲಿ ಸಿಗುವುದಿಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. ‘ಅಮ್ಮ, ನೀನು ಅಣೆಕಟ್ಟು ಕಟ್ಟಿದ್ಯಾ? ನಿನ್ನ ಕೇಳಿ ಕಟ್ಟಿದ್ರಾ? ಎಲ್ಲದಕ್ಕೂ ಅಪರಾಧಿ ಥರ ಫೀಲ್ ಮಾಡ್ಕೊಂಡ್ರೆ ಮನೆಯಿಂದ ಆಚೆ ಬರೋಕಾಗಲ್ಲ.’ ಸರಿಯಾದ ಮಾತೇ. ನನಗೆ ಅಪರಾಧಿ ಭಾವನೆ ಬರಲಿಲ್ಲ, ಬರಬೇಕು ಅಂತಲೂ ನನ್ನ ವಾದವಲ್ಲ. ಅಪರಾಧ ಬೇರೆ, ಋಣ ಬೇರೆ. ಅಪರಾಧಕ್ಕೆ ನಾನು ಏನಾದರೂ ಮಾಡಿರಬೇಕು. ಋಣಕ್ಕೆ ಪಡೆದಿದ್ದರೆ ಸಾಕು. ಅಪ್ಪ ಅಮ್ಮನನ್ನು ನಾವು ಕೇಳಿ ಹುಟ್ಟಿದ್ದೇವಾ? ಆದರೂ ಅವರ ಋಣ ಇಲ್ಲ ಅನ್ನುವುದಿಲ್ಲ. ನಮ್ಮ ಭಾಷೆಯಲ್ಲಿ ‘ಅನ್ನದ ಋಣ’, ‘ನೀರಿನ ಋಣ’ ಅಂತ ಮಾತೇ ಇರುವಾಗ ಇದನ್ನು ವಿವರಿಸಲು ಗ್ರೀಕರೂ ಬೇಕಿಲ್ಲ, ರೋಮನ್ನರೂ ಬೇಕಿಲ್ಲ.

ಹಾಗಾದರೆ ಋಣ ಇರುವ ಜಾಗಕ್ಕೆ ರಜೆ ಕಳೆಯಲು ಹೋಗಬಹುದೇ? ಅಲ್ಲಿ ಕೆಂಪು ಗೌನು ಹಾರಿಸಬಹುದೇ?

ಇದಕ್ಕೆ ನನಗೆ ಯೂರೋಪಿನದೇ ಒಂದು ಜಾಗ ನೆನಪಾಗುತ್ತದೆ. ಮ್ಯೂನಿಕ್‌ನಿಂದ ಇಟಲಿಯ ಸಮುದ್ರದ ಕಡೆಗೆ ಕಾರಿನಲ್ಲಿ ಹೋಗುವಾಗ ಅಳಿಯ ಬೇಕಂತಲೇ ಆಲ್ಪ್ಸ್‌ನ ರೆಶೆನ್ ಕಣಿವೆಯ ದಾರಿ ಹಿಡಿದ. ಗಡಿ ದಾಟಿದ ಸ್ವಲ್ಪ ದೂರಕ್ಕೆ ಒಂದು ಸರೋವರ, ಅದರ ಮಧ್ಯೆ ಚರ್ಚಿನ ಗಂಟೆಗೋಪುರ ಒಂದೇ ನೀರಿನಿಂದ ಮೇಲೆದ್ದು ನಿಂತಿದೆ. 14ನೇ ಶತಮಾನದ್ದು. ಊರಿನ ಹೆಸರು ಗ್ರೌನ್, ಇಟಾಲಿಯನ್ನಿನಲ್ಲಿ ಕುರೋನ್. ವಿದ್ಯುತ್ ಯೋಜನೆಗೆ 1950ರಲ್ಲಿ ಮುಳುಗಿಸಿದ್ದು; 163 ಮನೆಗಳು ಹೋದವು. ಜನ ಜರ್ಮನ್ ಮಾತಾಡುವವರು, ಆಡಳಿತ ಇಟಲಿಯದು, ವಿರೋಧಿಸಿದರೂ ಕೇಳುವವರಿರಲಿಲ್ಲ. ಈಗ ಆ ಗೋಪುರವೇ ಆ ಪ್ರಾಂತ್ಯದ ಗುರುತು. ಕಾರು ನಿಲ್ಲಿಸಲು ಜಾಗ, ನೋಡಲು ಕಟ್ಟೆ, ಕಾಫಿ, ಎಲ್ಲ ಇದೆ.

ಅಲ್ಲೊಂದು ಕಥೆ ಪ್ರಸಿದ್ಧ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಗೋಪುರದ ಗಂಟೆ ಬಾರಿಸುವ ಸದ್ದು ಕೇಳುತ್ತದಂತೆ. ನೀರು ಬಿಡುವ ಮುಂಚೆಯೇ ಗಂಟೆಗಳನ್ನು ಕೆಳಗಿಳಿಸಿ ಸಾಗಿಸಿಬಿಟ್ಟಿದ್ದರು ಅನ್ನುವುದು ವಾಸ್ತವ. ನನಗೆ ಈ ಕಥೆ ಇಷ್ಟವಾಗಲಿಲ್ಲ. ಶೆಟ್ಟಿಹಳ್ಳಿಯ ಬಗ್ಗೆಯೂ ಯೂಟ್ಯೂಬಿನಲ್ಲಿ ‘ನಿಗೂಢ ಚರ್ಚು’, ‘ದೆವ್ವದ ಚರ್ಚು’ ಅಂತ ರಾತ್ರಿ ಟಾರ್ಚ್ ಹಿಡಿದು ಮಾಡಿದ ವಿಡಿಯೋಗಳಿವೆ. ಅದರಲ್ಲಿ ನಿಗೂಢ ಏನಿದೆ ಸ್ವಾಮಿ? ಸರ್ಕಾರದ ಕಡತದಲ್ಲಿ ಎಲ್ಲ ಇದೆ. ಯಾವ ಸರ್ವೆ ನಂಬರು, ಯಾರ ಜಮೀನು, ಎಷ್ಟು ಪರಿಹಾರ. ದೆವ್ವ ಬಂತು ಅಂದರೆ ಅಲ್ಲಿಗೆ ಮುಗಿಯಿತು, ನೀರು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ‘ಪಾಳುಬಿದ್ದ’ ಅನ್ನುವ ಮಾತೂ ಹಾಗೆಯೇ. ಪಾಳು ತಾನಾಗಿ ಬೀಳುತ್ತದೆ, ಇದು ತಾನಾಗಿ ಬಿದ್ದದ್ದಲ್ಲ.

ನನ್ನ ತಕರಾರು ಇಷ್ಟೇ. ಗೌನು ಹಾರಿಸಿ, ಬೇಡ ಅನ್ನಲು ನಾನ್ಯಾರು, ಅಲ್ಲಿಯವರೇ ಬೇಡ ಅನ್ನಲಿಲ್ಲ. ಅಪ್ಪ ಅವ್ವನ ಮದುವೆಯಾದ ಜಾಗದಲ್ಲಿ ಇನ್ಯಾರದೋ ಮದುವೆಯ ಫೋಟೋ ತೆಗೆದರೆ ಅವರಿಗೆ ಸಂತೋಷವೇ ಇರಬಹುದು. ಆದರೆ ಫೋಟೋ ಕೆಳಗೆ ಏನು ಬರೆಯುತ್ತೇವೆ ಅನ್ನುವುದು ಸಣ್ಣ ವಿಷಯವಲ್ಲ. ಅಂದವನ್ನು ನೋಡಿ ಕಾರಣವನ್ನು ಅಳಿಸುವುದು ಒಂಥರಾ ಎರಡನೇ ಮುಳುಗಡೆ.

ಶರಾವತಿಯ ಮುಳುಗಡೆಗೆ ನಾ. ಡಿಸೋಜ ಸಿಕ್ಕಿದರು. ‘ಮುಳುಗಡೆ’, ‘ದ್ವೀಪ’ ಬರೆದರು; ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಸಿನಿಮಾ 2002ರಲ್ಲಿ ಬಂತು. ಲಿಂಗನಮಕ್ಕಿ ಹೆಸರು ಹೇಳಿದರೆ ಇವತ್ತಿಗೂ ಕರೆಂಟಿನ ಜೊತೆಗೆ ಎದ್ದುಹೋದ ಮನೆಗಳೂ ನೆನಪಾಗುತ್ತವೆ. ಹೇಮಾವತಿಯ ದಡದ ಹಳ್ಳಿಗಳನ್ನು ನಗಿಸುತ್ತಾ ಕಟ್ಟಿಕೊಟ್ಟವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಅವರ ಪ್ರವಾಸಕಥನ ‘ಅಮೆರಿಕದಲ್ಲಿ ಗೊರೂರು’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ, ಅವರ ಊರಿನ ಅಣೆಕಟ್ಟು ಮುಗಿದ ಮರುವರ್ಷ. ಆ ಶೀರ್ಷಿಕೆಯನ್ನೇ ನೋಡಿ: ಲೇಖಕರ ಹೆಸರೂ ಅದೇ, ಊರಿನ ಹೆಸರೂ ಅದೇ. ಪ್ರವಾಸ ಹೋದರೆ ಹಾಗೆ ಹೋಗಬೇಕು ಅನ್ನಿಸುತ್ತದೆ. ನಮ್ಮ ಥರ ಊರನ್ನು ಮನೆಯಲ್ಲಿ ಬಿಟ್ಟು, ಬೀಗ ಹಾಕಿಕೊಂಡಲ್ಲ.

ಮೊಮ್ಮಗನಿಗೆ ಎಂಟು ವರ್ಷ. ರೆಶೆನ್ ಗೋಪುರವನ್ನೂ ನೋಡಿದ್ದಾನೆ, ಶೆಟ್ಟಿಹಳ್ಳಿಯನ್ನೂ ನೋಡಿದ. ವಾಪಸ್ ಬರುವಾಗ ಕಾರಿನಲ್ಲಿ, ‘ಅಜ್ಜಿ, ಎರಡರಲ್ಲೂ ನೀರು ಯಾರು ಬಿಟ್ಟಿದ್ದು?’ ಅಂದ. ಅಲ್ಲಿ ಕಂಪನಿ, ಇಲ್ಲಿ ಸರ್ಕಾರ ಅಂದೆ. ‘ಯಾರಿಗೆ?’ ಅಂದ. ಅಲ್ಲಿ ಕರೆಂಟಿಗೆ, ಇಲ್ಲಿ ನಮಗೆ. ‘ನಮಗೆ ಅಂದ್ರೆ ನಿಮ್ಮನೆ ನಲ್ಲೀಲಿ ಬರತ್ತಲ್ಲ, ಅದಾ?’ ಅದೇ. ಅವನು ಸ್ವಲ್ಪ ಹೊತ್ತು ಬಾಟಲಿಯ ನೀರನ್ನು ನೋಡಿದ. ಅದು ಅಂಗಡಿಯಲ್ಲಿ ಕೊಂಡದ್ದು ಅಂತ ಹೇಳಲು ಹೋಗಿ ಸುಮ್ಮನಾದೆ.

ನಾವು ತುಮಕೂರಿಗೆ ಬರುವ ಹೊತ್ತಿಗೆ ಇಲ್ಲಿ ಹೇಮಾವತಿಯದೇ ಮಾತು. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮಾಡಿ ನಮ್ಮ ಪಾಲಿನ ನೀರನ್ನು ಕುಣಿಗಲ್, ಮಾಗಡಿ ಕಡೆ ಒಯ್ಯುತ್ತಾರೆ ಅಂತ ರೈತರು ರಸ್ತೆಗಿಳಿದ ಜಗಳ ಅದು. ನಾಲೆ ಹತ್ತಿರ ಧರಣಿ, ಬಂದ್, ಭಾಷಣ. ಅವರ ಆತಂಕ ನ್ಯಾಯವಾದದ್ದೇ, ನಾಲೆಯ ತುದಿಯವರಿಗೆ ನೀರು ಮುಟ್ಟುವುದು ಯಾವತ್ತೂ ಕಷ್ಟ. ಭಾಷಣಗಳಲ್ಲೆಲ್ಲ ಒಂದೇ ಮಾತು: ‘ನಮ್ಮ ನೀರು, ನಮ್ಮ ಹಕ್ಕು’. ನಾನೂ ಒಂದೆರಡು ಸಭೆಗೆ ಹೋಗಿ ಕೂತು ಕೇಳಿದೆ. ಗೊರೂರಿನ ಹೆಸರು ಬಂತು, ಟಿಎಂಸಿ ಲೆಕ್ಕ ಬಂತು, ಮಂತ್ರಿಗಳ ಹೆಸರು ಬಂತು. ಶೆಟ್ಟಿಹಳ್ಳಿಯ ಹೆಸರು ಒಬ್ಬರೂ ಎತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಪರಿಚಯದ ಮೇಷ್ಟ್ರ ಹತ್ತಿರ ಆ ಮಾತು ತೆಗೆದೆ. ‘ಶೆಟ್ಟಿಹಳ್ಳಿನಾ? ಆ ತೇಲೋ ಚರ್ಚು ಇದೆಯಲ್ಲ, ಅದೇ ತಾನೆ? ನಾವೂ ಹೋಗ್ಬೇಕು ಮೇಡಂ. ನೋಡೋಕೆ ಯಾವ ತಿಂಗಳು ಚೆನ್ನಾಗಿರತ್ತೆ?’ ಅಂದರು.