ಕೊಡವಿಲ್ಲದೆ ಬಾವಿಯ ಬಳಿ



ತಪಸ್ಸುಕಾಲದ ಮೂರನೆಯ ಭಾನುವಾರದ ಶುಭಸಂದೇಶ ಸಮಾರಿಯದ ಸ್ತ್ರೀಯದು. ಯುವಜನರ ಪರವಾಗಿ ನಾಲ್ಕು ಮಾತು ಬರೆಯಬೇಕೆಂದು ಫಾದರ್ ಹೇಳಿದಾಗ ನನಗೆ ನೆನಪಾದದ್ದು ಕಳೆದ ಶನಿವಾರದ ಬಿಸಿಲು.

ಅಂದು ನಸುಕಿನಲ್ಲಿ ಮಂಜೇಶ್ವರದಿಂದ ಸೈಕಲಿನಲ್ಲಿ ಒಬ್ಬನೇ ಹೊರಟೆ. ಬೇಕಲ ಕೋಟೆಯ ತನಕ ಹೋಗಿ ರಾತ್ರಿಯೊಳಗೆ ಹಿಂದಿರುಗುವುದು, ಒಟ್ಟು ಸುಮಾರು 90 ಕಿಲೋಮೀಟರ್. ಇದು ನನ್ನ ತಪಸ್ಸುಕಾಲದ ವ್ರತ. ಎರಡು ಬಾಟಲಿ ನೀರು, ನಾಲ್ಕು ಚಪಾತಿ. ದಾರಿಯಲ್ಲಿ ಏನನ್ನೂ ಕೊಳ್ಳಬಾರದು, ಯಾರಲ್ಲೂ ಏನನ್ನೂ ಕೇಳಬಾರದು. ಕೇಳಲು ಚೆನ್ನಾಗಿದೆ ಅಲ್ಲವೇ? ನನಗೂ ಹಾಗೆಯೇ ಅನಿಸಿತ್ತು.

ಭೂಪಟದಲ್ಲಿ ನಮ್ಮ ಕರಾವಳಿ ಚಪ್ಪಟೆಯಾಗಿ ಕಾಣುತ್ತದೆ. ಬಸ್ಸಿನಲ್ಲಿ ಕೂತವರಿಗೂ ಹಾಗೆಯೇ. ಆದರೆ ಇಲ್ಲಿ ಮುರಕಲ್ಲಿನ ಗುಡ್ಡಗಳು ಕಡಲಿನ ಹತ್ತಿರದವರೆಗೆ ಬಂದಿವೆ, ಅವುಗಳ ನಡುವೆ ಹೊಳೆಗಳು ಹರಿಯುತ್ತವೆ. ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್. ಹೊಳೆಗೆ ಇಳಿ, ಸೇತುವೆ ದಾಟು, ಮತ್ತೆ ಏರು. ಇಳಿಯುವಾಗ ಸಿಕ್ಕಿದ ವೇಗದಲ್ಲೇ ಆಚೆಯ ಏರನ್ನು ಹತ್ತಿಬಿಡಬಹುದು ಎಂದು ಲೆಕ್ಕ ಹಾಕಿದ್ದೆ. ಬಿ.ಎಸ್ಸಿ. ಓದಿದವನು ಹಾಕಬಾರದ ಲೆಕ್ಕ ಅದು. ಗಾಳಿ ಮತ್ತು ಘರ್ಷಣೆ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ, ಉಳಿದದ್ದನ್ನು ಕಾಲೇ ಕೊಡಬೇಕು.

ಅಲ್ಲಲ್ಲಿ ನಿಂತು ಕಾಸರಗೋಡು ದಾಟಿ ಚಂದ್ರಗಿರಿ ಸೇತುವೆಗೆ ಬರುವಾಗ ನಡುಮಧ್ಯಾಹ್ನ. ಹಿಂದಿನಿಂದಲೂ ಈ ಹೊಳೆಯನ್ನು ತುಳುನಾಡಿನ ಗಡಿ ಎನ್ನುತ್ತಾರೆ. ಸೇತುವೆಯ ಆಚೆಯ ಏರಿನಲ್ಲಿ ಎರಡನೆಯ ಬಾಟಲಿಯೂ ಖಾಲಿಯಾಯಿತು. ಸೈಕಲಿನಿಂದ ಇಳಿದು ದೂಡತೊಡಗಿದೆ. ಕಣ್ಣು ಕತ್ತಲೆ ಬಂದಂತಾಯಿತು, ಕೈಯ ಮೇಲೆ ಬೆವರು ಒಣಗಿ ಉಪ್ಪು ಬಿಳಿಯಾಗಿ ಕೂತಿತ್ತು. ಈ ವರ್ಷ ನಮ್ಮ ತಪಸ್ಸುಕಾಲವೂ ಮುಸ್ಲಿಂ ಬಾಂಧವರ ರಂಜಾನ್ ಉಪವಾಸವೂ ಒಟ್ಟಿಗೆ ಬಂದಿವೆ. ದಾರಿಬದಿಯ ಹೋಟೆಲು ಮುಚ್ಚಿತ್ತು. ತೆರೆದಿದ್ದರೂ ನನ್ನ ವ್ರತ ಬಿಡುತ್ತಿರಲಿಲ್ಲ.

ಒಂದು ಮನೆಯ ಗೇಟಿನ ನೆರಳಲ್ಲಿ ಸೈಕಲ್ ಒರಗಿಸಿ ಕುಳಿತೆ. ಒಳಗಿನಿಂದ ವಯಸ್ಸಾದ ಒಬ್ಬ ಉಮ್ಮ ನೋಡಿದರು. ಬಹಳ ಹೊತ್ತು ನಾನು ಬಾಯಿ ತೆರೆಯಲಿಲ್ಲ. ಕೊನೆಗೆ ನನ್ನ ಅರೆಬರೆ ಮಲಯಾಳದಲ್ಲಿ, "ಉಮ್ಮಾ, ಕುರಚ್ಚು ವೆಳ್ಳಂ ತರುಮೋ?" ಎಂದೆ.

ಅವರು ನೀರು ತರಲಿಲ್ಲ. ಉಪ್ಪು, ಸಕ್ಕರೆ, ಲಿಂಬೆ ಹಾಕಿ ಒಂದು ದೊಡ್ಡ ಚೆಂಬು ಶರಬತ್ತು ತಂದರು. ಕೊಡುತ್ತ, "ಮೋನೇ, ಉಪ್ಪು ಸರಿಯಿದೆಯಾ ನೀನೇ ನೋಡು. ಇವತ್ತು ನಾನು ರುಚಿ ನೋಡುವ ಹಾಗಿಲ್ಲ" ಎಂದರು.

ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ನನಗೆ ಬೇಕಾದದ್ದೂ ಅದೇ. ಬೆಳಗಿನಿಂದ ಒಂದು ಹನಿ ನೀರು ಕುಡಿಯದವರ ಎದುರಿಗೆ ನಾನು ಅಷ್ಟನ್ನೂ ಕುಡಿದು ಮುಗಿಸಿದೆ.

ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಮಧ್ಯಾಹ್ನದ ಹೊತ್ತು. ಪ್ರಭು ಯೇಸು ದಾರಿ ನಡೆದು ದಣಿದಿದ್ದಾರೆ, ಶಿಷ್ಯರು ಊಟ ತರಲು ಊರೊಳಗೆ ಹೋಗಿದ್ದಾರೆ. ಬಾವಿ ಆಳವಾಗಿದೆ, ಅವರ ಬಳಿ ನೀರು ಸೇದಲು ಏನೂ ಇಲ್ಲ. ಎದುರಿಗೆ ಇರುವವಳು ಯೆಹೂದ್ಯರು ಬಳಕೆಯಿಟ್ಟುಕೊಳ್ಳದ ಜನರವಳು. ಜೀವಜಲದ ಮಾತು ಬರುವುದು ಆಮೇಲೆ. ಮೊದಲು ಬರುವುದು ಕೇಳಿಕೆ. ಅವಳು ನೀರು ಕೊಟ್ಟಳೋ ಇಲ್ಲವೋ, ಅದನ್ನು ಶುಭಸಂದೇಶಕಾರರು ಬರೆಯಲೇ ಇಲ್ಲ. ಪ್ರಭು ಕೇಳಿದರು ಎಂಬುದನ್ನು ಮಾತ್ರ ಮರೆಯದೆ ಬರೆದಿದ್ದಾರೆ. ಶಿಲುಬೆಯ ಮೇಲೆ ತನಗೆ ಬಾಯಾರಿಕೆಯಾಗಿದೆ ಎಂದು ಪ್ರಭು ಹೇಳಿದ್ದನ್ನು ದಾಖಲಿಸಿದವರೂ ಇದೇ ಯೊವಾನ್ನರು. ಆ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರೆಂದು ಹೆಮ್ಮೆಪಡುತ್ತೇವೆ. ಬೆಳಿಗ್ಗೆ ಅವರ ಮನೆಯಿರುವ ಊರಿನಿಂದಲೇ ಹೊರಟ ನನಗೆ, ಯಾರನ್ನೂ ಏನನ್ನೂ ಕೇಳದಿರುವುದೇ ತಪಸ್ಸು ಎಂದು ಅದ್ಯಾರು ಕಲಿಸಿದರೋ!

ನಮ್ಮ ಯುವಜನರಿಗೆ ಕೊಡುವುದು ಗೊತ್ತು. ರಕ್ತದಾನ ಶಿಬಿರವಾಗಲಿ, ಮಳೆಗಾಲದಲ್ಲಿ ಯಾರದೋ ಮನೆಯ ಮಾಡಿಗೆ ಹೆಂಚು ಹೊದಿಸುವುದಾಗಲಿ, ಕರೆದರೆ ಬರುತ್ತಾರೆ. ಆದರೆ ತನ್ನ ಮನೆಯ ಮಾಡು ಸೋರುತ್ತದೆ ಎಂದು ಹೇಳಿದ ಒಬ್ಬ ಹುಡುಗನನ್ನೂ ನಾನು ಕಂಡಿಲ್ಲ. ಎರಡು ವಾರ ಬಲಿಪೂಜೆಗೆ ಬರದವನ ಬಗ್ಗೆ ಮೂರನೆಯ ವಾರ ಬೇರೆಯವರ ಬಾಯಿಂದ ತಿಳಿಯುತ್ತದೆ.

ಬೇರೆಯವರ ಮಾತೇಕೆ. ಪಿ.ಎಸ್.ಸಿ. ಪರೀಕ್ಷೆಯ ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದು ನವೆಂಬರಿನಲ್ಲೇ ನನಗೆ ಗೊತ್ತಾಗಿತ್ತು. ಪಟ್ಟಿ ಇನ್ನೂ ಬಂದಿಲ್ಲ ಎಂದು ಅಮ್ಮನಿಗೆ ಸುಳ್ಳು ಹೇಳುತ್ತ ಬಂದೆ. ಅದೇ ನಾಲಿಗೆಯಲ್ಲಿ ಯುವಜನರ ಕೂಟದಲ್ಲಿ ಪ್ರಾರ್ಥನೆ ನಡೆಸಿದೆ.

ಬೇಕಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಶಿವಪ್ಪ ನಾಯಕನ ಕೋಟೆ, ಕೆಳಗೆ ಕಡಲು, ನೀವೆಲ್ಲ ನೋಡಿದ್ದೀರಿ. ಹಿಂದಿರುಗುವಾಗ ಕಡಲ ಗಾಳಿ ಎದುರಿನಿಂದ ಬೀಸುತ್ತಿತ್ತು. ದಾರಿಯಲ್ಲಿ ಮೂರು ಕಡೆ ನೀರು ಕೇಳಿದೆ. ಮೂರೂ ಕಡೆ ಕೊಟ್ಟರು. ಮನೆ ತಲುಪುವಾಗ ರಾತ್ರಿ ಎಂಟು. ಚಪ್ಪಲಿ ಕಳಚುವ ಮೊದಲೇ ಅಮ್ಮನಿಗೆ ಪಟ್ಟಿಯ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನವೆಂಬರಿನಿಂದ ಒಬ್ಬನೇ ಇದನ್ನು ಹೊತ್ತುಕೊಂಡಿದ್ದೆಯಾ?" ಎಂದಷ್ಟೇ ಕೇಳಿದರು.

ಈಗ ನಿಮ್ಮಲ್ಲಿಯೂ ಒಂದು ಕೇಳಿಕೆಯಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಆಡಲು ಅಷ್ಟಿಷ್ಟು ಬರುತ್ತದೆ, ಓದಲು ಬರೆಯಲು ಬರುವುದಿಲ್ಲ. ನಮ್ಮ ಕೂಟದ ಇನ್ನೂ ಕೆಲವರ ಸ್ಥಿತಿ ಇದೇ. ಮಲಯಾಳ ಬಲಿಪೂಜೆಗೆ ಬರುವವರಲ್ಲಿ ಶಿಕ್ಷಕರಿದ್ದಾರೆ, ನಿವೃತ್ತರಿದ್ದಾರೆ. ಒಂದೇ ಅಂಗಳದಲ್ಲಿ ಇಷ್ಟು ವರ್ಷ ಅವರ ಪಕ್ಕದಿಂದ ಹಾದು ಹೋಗಿದ್ದೇವೆ. ನಿಮಗೆ ಪರಿಚಯದವರು ಇದ್ದರೆ ದಯವಿಟ್ಟು ಹೇಳಿ: ಭಾನುವಾರ ಸಂಜೆ ಒಂದು ಗಂಟೆ ನಮಗೆ ಅಕ್ಷರ ಕಲಿಸಬಹುದೇ? ಬದಲಿಗೆ ನಾವು ಏನು ಕೊಡಬಹುದೆಂದು ಇನ್ನೂ ಯೋಚಿಸಿಲ್ಲ.