ಬೀಳುತ್ತಿರುವ ಚೆಂಡಿನ ವರ್ತಮಾನ

ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯೊಬ್ಬನು ವರ್ತಮಾನಕಾಲವೆಂಬುದೇ ಇಲ್ಲವೆಂದು ವಾದಿಸುತ್ತಾನೆ. ತೊಟ್ಟು ಕಳಚಿ ನೆಲದ ಕಡೆಗೆ ಬರುತ್ತಿರುವ ಹಣ್ಣಿಗೆ ದಾಟಿದ ದಾರಿಯೊಂದು, ದಾಟಬೇಕಾದ ದಾರಿಯೊಂದು, ಇವೆರಡೇ ಉಂಟು. ಮೊದಲನೆಯದರಿಂದ ಭೂತಕಾಲವೂ ಎರಡನೆಯದರಿಂದ ಭವಿಷ್ಯತ್ಕಾಲವೂ ಸಿದ್ಧಿಸುತ್ತವೆ. ನಡುವೆ ಮೂರನೆಯ ದಾರಿಯಿಲ್ಲವಾದುದರಿಂದ ಮೂರನೆಯ ಕಾಲಕ್ಕೆ ಎಡೆಯಿಲ್ಲ. ಇದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನ ಸಮಾಧಾನವೇನೆಂದರೆ, ಕಾಲವು ವ್ಯಕ್ತವಾಗುವುದು ದಾರಿಯಿಂದಲ್ಲ, ಕ್ರಿಯೆಯಿಂದ. ಬೀಳುವಿಕೆ ನಡೆಯುತ್ತಿರುವಷ್ಟು ಹೊತ್ತೂ ವರ್ತಮಾನವೇ.

2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಮ್ಯಾಕ್ಸ್‌ವೆಲ್ಲರ ಎಸೆತವನ್ನು ರೋಹಿತ್ ಶರ್ಮಾ ಎತ್ತಿ ಹೊಡೆದಾಗ, ಟ್ರಾವಿಸ್ ಹೆಡ್ ಹಿಂದಕ್ಕೆ ಓಡುತ್ತ ಆ ಚೆಂಡನ್ನು ಹಿಡಿದುದು ಅನೇಕರಿಗೆ ನೆನಪಿದ್ದೀತು. ಕ್ರೀಡಾಂಗಣದಲ್ಲಿದ್ದವನಿಗೆ ಕ್ಯಾಚ್ ಮುಗಿದಿದ್ದ ಕ್ಷಣದಲ್ಲಿ, ಮೊಬೈಲಿನಲ್ಲಿ ನೋಡುತ್ತಿದ್ದವನಿಗೆ ಆ ಎಸೆತವಿನ್ನೂ ಬೌಲರನ ಕೈಯನ್ನೇ ಬಿಟ್ಟಿರಲಾರದು. ಆ ಮೊಬೈಲಿನಲ್ಲಿ ಚೆಂಡು ಮೇಲೇರಿದಾಗ ಕೈಮುಗಿದು ದೇವರನ್ನು ಬೇಡಿಕೊಂಡ ಅಜ್ಜಿ, ಆಗಿಹೋದುದನ್ನು ಆಗದಿರಲೆಂದು ಬೇಡಿಕೊಂಡಂತಾಯಿತು. ಆ ಪ್ರಾರ್ಥನೆ ವ್ಯರ್ಥವೆ?

ಈ ವಿಳಂಬದ ಕಾರಣಗಳನ್ನು ಅರಿಯದೆ ಪ್ರಶ್ನೆಯನ್ನು ಬಿಡಿಸುವುದು ಸಾಧ್ಯವಿಲ್ಲ. ದೃಶ್ಯವನ್ನು ಸಂಕುಚಿತಗೊಳಿಸುವ ಎನ್‌ಕೋಡರ್ ಕೆಲವು ಚಿತ್ರಗಳನ್ನು ಅವುಗಳ ಮುಂದೆ ಬರತಕ್ಕ ಚಿತ್ರಗಳ ಆಧಾರದಿಂದ ನಿರೂಪಿಸುವುದರಿಂದ, ಭವಿಷ್ಯತ್ತು ಬರುವತನಕ ಅದು ವರ್ತಮಾನವನ್ನು ಬರೆಯಲಾರದೆ ಕಾಯಬೇಕು. ಅನಂತರ ದೃಶ್ಯವನ್ನು ತುಂಡುತುಂಡಾಗಿ ಕತ್ತರಿಸಿ ಕಳುಹಿಸಲಾಗುತ್ತದೆ. 2009ರಲ್ಲಿ ಆಪಲ್ ಸಂಸ್ಥೆ ತಂದ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಒಂದೊಂದು ತುಂಡು ಮೊದಲು 10 ಸೆಕೆಂಡಿನದಾಗಿದ್ದು, ಮುಂದೆ 6ಕ್ಕೆ ಇಳಿಯಿತು. ಅಂಥ ಮೂರು ತುಂಡುಗಳನ್ನು ಶೇಖರಿಸಿಕೊಂಡು ಪ್ಲೇಯರ್ ಆಟವನ್ನು ತೋರಿಸತೊಡಗಿದರೆ, ಅಷ್ಟರಿಂದಲೇ 18 ಸೆಕೆಂಡು ಕಳೆಯುತ್ತದೆ. ಭೂಮಿಯಿಂದ 35,786 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಹಿಂದಿರುಗಲು ಸಂಕೇತಕ್ಕೆ ಕಾಲು ಸೆಕೆಂಡು ಸಾಕೆಂಬುದನ್ನು ನೆನೆದರೆ, ವಿಳಂಬದ ಮೂಲವು ದೂರವಲ್ಲ, ಶೇಖರಣೆ ಎಂಬುದು ಸ್ಪಷ್ಟವಾದೀತು. ಆದರೆ ಈ ಶೇಖರಣೆಯೇ ಸಿಗ್ನಲ್ ಕುಂದಿದಾಗ ಚಿತ್ರವನ್ನು ಕಾಪಾಡತಕ್ಕದ್ದು. ಅದನ್ನು ಸುಮ್ಮನೆ ಕಡಿಮೆ ಮಾಡಿದರೆ ಚಿತ್ರ ನಿಂತುಹೋಗುತ್ತದೆ, ಇಲ್ಲವೆ ಮಸುಕಾಗಿ, ಹಸಿರಿನ ಮೇಲೆ ಓಡುವ ಬಿಳಿಯ ಚೆಂಡು ಕಣ್ಣಿಗೆ ಸಿಗದಾಗುತ್ತದೆ. 2019ರಿಂದೀಚೆಗೆ, ತುಂಡು ಪೂರ್ಣವಾಗುವ ಮೊದಲೇ ಅದರ ಚಿಕ್ಕ ಚಿಕ್ಕ ಅಂಶಗಳನ್ನು ಹೊರಡಿಸುವ ವಿಧಾನ ಬಂದು, ಈ ದ್ವಂದ್ವವನ್ನು ಬಹುಮಟ್ಟಿಗೆ ಸಡಿಲಿಸಿದೆ.

ಹಾಗಾದರೆ ಶೂನ್ಯವಿಳಂಬವೇ ನಮ್ಮ ಗುರಿಯೆ? ಅರಿವು ಹುಟ್ಟುವಷ್ಟರಲ್ಲಿ ಅದನ್ನು ಹುಟ್ಟಿಸಿದ ವಸ್ತುವಿನ ಕ್ಷಣ ಕಳೆದಿರುತ್ತದೆಂದೂ, ಉಳಿಯುವುದು ಅದರ ಆಕಾರಮಾತ್ರವೆಂದೂ ಸೌತ್ರಾಂತಿಕ ಬೌದ್ಧರು ಹೇಳಿದರು. ಮೈದಾನದ ಅಂಚಿನಲ್ಲಿ ಕುಳಿತವನಿಗೂ ಬ್ಯಾಟಿನ ಸದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿಯೇ ಮುಟ್ಟುತ್ತದೆ. ತಡವಿಲ್ಲದ ನೋಟ ಯಾರಿಗೂ ಇಲ್ಲ. ಆದಕಾರಣ ನಾವು ಬೇಡಬೇಕಾದುದು ಮುಂಚಿನ ಕ್ಷಣವನ್ನಲ್ಲ, ಸಮಾನವಾದ ಕ್ಷಣವನ್ನು. ಅಜ್ಜಿಯ ಪ್ರಾರ್ಥನೆಯ ಅರ್ಥ ಚೆಂಡಿನ ಗತಿಯನ್ನು ತಿರುಗಿಸುವುದರಲ್ಲಿರಲಿಲ್ಲ. ಫಲವನ್ನು ತಿಳಿಯದ ಕೋಟ್ಯಂತರ ಮಂದಿಯೊಡನೆ ಆ ಅನಿಶ್ಚಯದಲ್ಲಿ ಜೊತೆಯಾಗಿ ನಿಲ್ಲುವುದರಲ್ಲಿತ್ತು. ಅವಳ ಪಾಲಿಗೆ ಬೀಳುವಿಕೆ ಇನ್ನೂ ನಡೆಯುತ್ತಿತ್ತಾದುದರಿಂದ ಅವಳ ವರ್ತಮಾನ ಸುಳ್ಳಲ್ಲ. ಅದನ್ನು ಮುರಿಯುವುದು ಪಕ್ಕದ ಮನೆಯ ಟಿ.ವಿ.ಯ ಮುಂದಿನಿಂದ ಹದಿನೈದು ಸೆಕೆಂಡು ಮೊದಲೇ ಏಳುವ ನಿಟ್ಟುಸಿರು. ಅಲ್ಲಿ ಒಂದು ಬೀದಿಯ ಜನರು ಬೇರೆಬೇರೆ ಕಾಲಗಳಲ್ಲಿ ವಾಸಿಸತೊಡಗುತ್ತಾರೆ; ನಾನು ಶೋಚನೀಯವೆಂದೆಣಿಸುವುದು ಇದನ್ನೇ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಪ್ರಸಾರದ ತುಂಡುಗಳಿಗೆ ಗಡಿಯಾರದ ವೇಳೆಯನ್ನು ಜೋಡಿಸಿ ಕಳುಹಿಸಬಹುದು. ಕಣ್ಣಿಗೆ ತಿಳಿಯದಷ್ಟು ಅಲ್ಪವಾಗಿ ವೇಗವನ್ನು ಹೆಚ್ಚಿಸಿ ಇಲ್ಲವೆ ತಗ್ಗಿಸಿ, ಎಲ್ಲ ಫೋನುಗಳನ್ನೂ ಆ ವೇಳೆಯಿಂದ ಒಂದೇ ಅಂತರದಲ್ಲಿ ನಡೆಸಲೂಬಹುದು. ಡಿಶ್ ಆಂಟೆನಾದಿಂದ ಬರುವ ಟಿ.ವಿ.ಯನ್ನು ಮಾತ್ರ ಫೋನಿಗಾಗಿ ಹಿಂದಕ್ಕೆ ಹಿಡಿಯುವವರು ಯಾರೂ ಇಲ್ಲವಾದ್ದರಿಂದ, ಆ ಅಂತರವು ಟಿ.ವಿ.ಯ ಕೆಲವೇ ಸೆಕೆಂಡುಗಳ ಮಟ್ಟಕ್ಕೆ ಇಳಿಯಲೇಬೇಕು. ವಿಳಂಬವನ್ನು ತಗ್ಗಿಸುವ ಶ್ರಮವೆಲ್ಲ ಸಾರ್ಥಕವಾಗುವುದು ಇದಕ್ಕಾಗಿ. ಅದಕ್ಕಿಂತಲೂ ಮುಂದೆ ಓಡಬಲ್ಲ ಫೋನು ಒಂದೆರಡು ಸೆಕೆಂಡು ತಡೆದು ನಿಂತರೆ ಯಾರಿಗೂ ನಷ್ಟವಿಲ್ಲ.